ವಾಸ್ಕೋದ ಗುಡ್ಡದಿಂದ ಧ್ರುವದ ಹೊಸ್ತಿಲಿಗೆ

ಹುಬ್ಬಳ್ಳಿ, ಧಾರವಾಡ, ಗದಗುಗಳ ಕಡೆಯವರಿಗೆ ವಾಸ್ಕೋ ಎಂದರೆ ರೈಲುಗಾಡಿ ಮುಗಿಯುವ ಊರು. ಲೋಂಡಾ ದಾಟಿ, ಕ್ಯಾಸಲ್‌ರಾಕಿನಲ್ಲಿ ಘಟ್ಟ ಇಳಿಯತೊಡಗಿ, ದೂಧಸಾಗರದ ಜಲಪಾತವನ್ನು ಕಿಟಕಿಯಿಂದ ಕಣ್ತುಂಬ ನೋಡಿ, ಮಡಗಾಂವಿನಲ್ಲಿ ಅರ್ಧ ಜನ ಇಳಿದುಹೋದ ಮೇಲೆ ಗಾಡಿ ಸಮುದ್ರದ ಅಂಚಿಗೆ ಬಂದು ನಿಲ್ಲುತ್ತದೆ. ಇದೇ ಹಾದಿ ಹಿಡಿದು ಎಷ್ಟೋ ಕನ್ನಡ ಮನೆತನಗಳು ಮುರ್ಗಾವ್ ಬಂದರಿನ ಕೆಲಸಕ್ಕೆಂದು ಹೋಗಿ ಅಲ್ಲಿಯೇ ನೆಲೆಸಿವೆ. ನಾವು ಜೋಗೇಶ್ವರಿಗೆ ಬಂದು ನೆಲೆಸಿದಂತೆಯೇ ಎನ್ನಿ.

ಗಾಡಿ ನಿಂತರೂ ನೆಲ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ. ಅರಬೀ ಸಮುದ್ರದೊಳಕ್ಕೆ ಮೂಗು ಚಾಚಿದ ಆ ಗುಡ್ಡಕ್ಕೆ ಹೆಡ್‌ಲ್ಯಾಂಡ್ ಸಡಾ ಎಂದು ಹೆಸರು. ಹೆಡ್‌ಲ್ಯಾಂಡ್ ಎಂದರೆ ಭೂಶಿರ. ಮುರಕಲ್ಲಿನ ಬೋಳು ಬಯಲಿಗೆ ಕೊಂಕಣ ಪಟ್ಟಿಯವರು ಸಡಾ ಎನ್ನುತ್ತಾರೆ. ಈ ಬಿಸಿಲಿನ ಗುಡ್ಡದ ಮೇಲೆ, ತೆಂಗು ಗೋಡಂಬಿಗಳ ನಾಡಿನಲ್ಲಿ, ಭಾರತದ ಹಿಮಶೋಧನೆಯ ಕಚೇರಿ ಇದೆ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರವೆಂಬ ಈ ಸಂಸ್ಥೆ ಸ್ಥಾಪನೆಯಾದದ್ದು ೧೯೯೮ರಲ್ಲಿ. ದಕ್ಷಿಣ ಧ್ರುವಕ್ಕೂ ಉತ್ತರ ಧ್ರುವದ ನೆರೆಗೂ ಹೋಗುವ ನಮ್ಮ ವಿಜ್ಞಾನಿಗಳ ಪ್ರಯಾಣದ ಏರ್ಪಾಡುಗಳೆಲ್ಲ ಇಲ್ಲಿಂದಲೇ ನಡೆಯುತ್ತವೆ.

ಗೋವೆಗೂ ಹಿಮಕ್ಕೂ ನಂಟು ಬೆಳೆದದ್ದು ಅದಕ್ಕಿಂತ ಮೊದಲೇ. ೧೯೮೧ರ ಡಿಸೆಂಬರ್ ೬ರಂದು ಗೋವೆಯಿಂದ 'ಪೋಲಾರ್ ಸರ್ಕಲ್' ಎಂಬ ಹಡಗು ಹೊರಟಿತು. ಅದು ನಾರ್ವೆಯವರಿಂದ ಬಾಡಿಗೆಗೆ ಪಡೆದ ಹಡಗು. ಡಾ. ಎಸ್. ಝಡ್. ಖಾಸಿಂ ಅವರ ಮುಂದಾಳುತನದಲ್ಲಿ ಅದರಲ್ಲಿ ಹೊರಟ ೨೧ ಜನ ೧೯೮೨ರ ಜನವರಿ ೯ರಂದು ಅಂಟಾರ್ಕ್ಟಿಕದ ಹಿಮದ ಮೇಲೆ ಕಾಲಿಟ್ಟರು. ಆ ಕಥೆ ಅಂದಿನ ಪತ್ರಿಕೆಗಳಲ್ಲಿ ಬಂದು ಬಹುಮಂದಿಗೆ ತಿಳಿದಿದೆ. ನಾನು ಇಲ್ಲಿ ಹೇಳಹೊರಟಿರುವುದು ಇನ್ನೊಂದು ದಿಕ್ಕಿನ ಕಥೆ. ಭೂಮಿಯ ನೆತ್ತಿಯ ಹತ್ತಿರ ಇನ್ನೊಂದು ನೆಲದ ಮೂಗು ಸಮುದ್ರಕ್ಕೆ ಚಾಚಿಕೊಂಡಿದೆ. ಅಲ್ಲಿಯೂ ನಮ್ಮದೊಂದು ಮನೆ ಇದೆ.

ಅರಸನ ಕೊಲ್ಲಿ

ನಾರ್ವೆ ದೇಶದ ಉತ್ತರ ಕರಾವಳಿಯಿಂದ ಇನ್ನೂ ಉತ್ತರಕ್ಕೆ, ಹಿಮಸಾಗರದ ನಡುವೆ, ಸ್ವಾಲ್ಬಾರ್ಡ್ ಎಂಬ ದ್ವೀಪಸಮೂಹವಿದೆ. ಅದರ ದೊಡ್ಡ ದ್ವೀಪದ ಪಶ್ಚಿಮ ಅಂಚಿನಲ್ಲಿ ಬ್ರೊಗ್ಗರ್ ಎಂಬ ಬೆಟ್ಟಸಾಲಿನ ನೆಲ ಕಡಲಿಗೆ ಚಾಚಿದೆ. ಅದರ ಉತ್ತರಕ್ಕೆ ಕೊಂಗ್ಸ್‌ಫ್ಯೋರ್ಡ್, ಅಂದರೆ ಅರಸನ ಕೊಲ್ಲಿ. ಈ ಕೊಲ್ಲಿಯ ದಂಡೆಯ ಮೇಲಿನ ಪುಟ್ಟ ಹಳ್ಳಿಯೇ ನ್ಯೂ ಓಲೆಸುಂಡ್. ಇದು ೭೯ ಡಿಗ್ರಿ ಉತ್ತರ ಅಕ್ಷಾಂಶದ ಅಂಚಿನಲ್ಲಿದೆ. ಅಲ್ಲಿಂದ ಉತ್ತರ ಧ್ರುವಕ್ಕೆ ಸುಮಾರು ೧,೨೦೦ ಕಿಲೋಮೀಟರು. ನಮ್ಮ ಮುಂಬಯಿಂದ ಅಷ್ಟು ದೂರ ದಕ್ಷಿಣಕ್ಕೆ ಹೋದರೆ ಕೇರಳ ಸಿಕ್ಕುತ್ತದೆ!

ಇಷ್ಟು ಉತ್ತರದಲ್ಲಿ ಮನುಷ್ಯನು ಹೇಗೆ ಬಾಳುತ್ತಾನೆ? ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ನೀರಿನ ಪ್ರವಾಹವೊಂದು ಈ ಪಶ್ಚಿಮ ದಂಡೆಯವರೆಗೂ ಹರಿದುಬರುತ್ತದೆ. ಆದ್ದರಿಂದ ಇದೇ ಅಕ್ಷಾಂಶದ ಬೇರೆ ಜಾಗಗಳಲ್ಲಿ ಹಡಗಿಗೆ ಹಾದಿಯಿಲ್ಲದಿದ್ದಾಗಲೂ ಇಲ್ಲಿಗೆ ಬೇಸಗೆಯಲ್ಲಿ ಸಲೀಸಾಗಿ ಬರಬಹುದು. ಹಿಂದಿನ ಸಾಹಸಿಗರು ಈ ಕೊಲ್ಲಿಯನ್ನು ಆರಿಸಿಕೊಂಡದ್ದಕ್ಕೂ ಇಂದಿನ ವಿಜ್ಞಾನಿಗಳು ಇಲ್ಲಿ ಬಿಡಾರ ಹೂಡಿರುವುದಕ್ಕೂ ಈ ಪ್ರವಾಹವೇ ಕಾರಣ. ಹಾಗೆಂದು ಸುಖದ ಜಾಗವೆಂದು ತಿಳಿಯಬೇಡಿ. ಅಕ್ಟೋಬರಿನ ಕೊನೆಯಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಫೆಬ್ರವರಿ ನಡುವಿನಲ್ಲಿ. ಏಪ್ರಿಲಿನಿಂದ ಆಗಸ್ಟಿನವರೆಗೆ ಅವನು ಮುಳುಗುವುದೇ ಇಲ್ಲ. ದಿನಕ್ಕೆ ಮೂರು ಹೊತ್ತು ಸಂಧ್ಯಾವಂದನೆ ಮಾಡುವ ನಮ್ಮ ಹಿರಿಯರು ಅಲ್ಲಿಗೆ ಹೋಗಿದ್ದರೆ ಪಂಚಾಂಗದ ಗತಿ ಏನಾಗುತ್ತಿತ್ತೋ!

ನಾರ್ವೆಯ ಕಂಪನಿಯೊಂದು ೧೯೧೬-೧೭ರ ಸುಮಾರಿಗೆ ಕಲ್ಲಿದ್ದಲು ಅಗೆಯಲು ಇಲ್ಲಿಗೆ ಬಂದು ಹಳ್ಳಿ ಕಟ್ಟಿತು. ಗಣಿಗಾರರಿಗಾಗಿ ಮನೆಗಳು, ಇದ್ದಲು ಸಾಗಿಸಲು ಪುಟ್ಟ ರೈಲುಹಾದಿ, ಹಡಗುಕಟ್ಟೆ ಎಲ್ಲ ಎದ್ದವು. ಆ ಚಿಕ್ಕ ಉಗಿಬಂಡಿ ಇಂದಿಗೂ ಹಳ್ಳಿಯಲ್ಲಿ ನೆನಪಿಗಾಗಿ ನಿಂತಿದೆ.

ಒಂದು ಕಂಬದ ಕಥೆ

ಹಳ್ಳಿಯ ಅಂಚಿನಲ್ಲಿ ಕಬ್ಬಿಣದ ಎತ್ತರದ ಕಂಬವೊಂದಿದೆ. ೧೯೨೬ರಲ್ಲಿ ವಾಯುನೌಕೆಯನ್ನು ಕಟ್ಟಿಹಾಕಲೆಂದು ನಿಲ್ಲಿಸಿದ ಕಂಬ ಅದು. ದಕ್ಷಿಣ ಧ್ರುವವನ್ನು ೧೯೧೧ರಲ್ಲಿ ಎಲ್ಲರಿಗಿಂತ ಮೊದಲು ಮುಟ್ಟಿದ ನಾರ್ವೆಯ ರೋಅಲ್ಡ್ ಅಮುಂಡ್ಸೆನ್, ಉತ್ತರ ಧ್ರುವದ ಮೇಲೆ ಹಾರಿಹೋಗಬೇಕೆಂದು ಹಟತೊಟ್ಟಿದ್ದರು. ಅಮೆರಿಕದ ಲಿಂಕನ್ ಎಲ್ಸ್‌ವರ್ತ್ ಹಣ ಕೊಟ್ಟರು. ಇಟಲಿಯ ಉಂಬೆರ್ಟೊ ನೊಬಿಲೆ ವಾಯುನೌಕೆಯನ್ನು ರಚಿಸಿ ಅದನ್ನು ನಡೆಸಲು ತಾವೇ ಬಂದರು. ೧೦೬ ಮೀಟರ್ ಉದ್ದದ ಆ ನೌಕೆಗೆ 'ನೋರ್ಗೆ' ಎಂದು ಹೆಸರಿಟ್ಟರು. ೧೯೨೬ರ ಮೇ ೧೧ರಂದು ೧೬ ಜನರನ್ನು ಹೊತ್ತು ಅದು ಈ ಕೊಲ್ಲಿಯಿಂದ ಮೇಲೆದ್ದಿತು. ಮರುದಿನ ಧ್ರುವದ ನೆತ್ತಿಯ ಮೇಲೆ ಹಾದು, ೧೪ರಂದು ಅಮೆರಿಕ ಖಂಡದ ಅಲಾಸ್ಕದಲ್ಲಿ ಟೆಲ್ಲರ್ ಎಂಬಲ್ಲಿ ಇಳಿಯಿತು.

ಅದಕ್ಕೂ ಮೊದಲು ಧ್ರುವ ಮುಟ್ಟಿದೆವೆಂದು ಹೇಳಿಕೊಂಡವರು ಇಲ್ಲದಿಲ್ಲ. ಅಮೆರಿಕದ ಪಿಯರಿ ೧೯೦೯ರಲ್ಲಿ ಹಿಮದ ಮೇಲೆ ನಡೆದು ಹೋದೆನೆಂದರು. ಅದೇ ದೇಶದ ಬರ್ಡ್ ಇದೇ ಕೊಲ್ಲಿಯಿಂದ, ನೋರ್ಗೆ ಏಳುವುದಕ್ಕೆ ಎರಡು ದಿನ ಮೊದಲು, ವಿಮಾನದಲ್ಲಿ ಹೋಗಿ ಬಂದೆನೆಂದರು. ಅವರಿಬ್ಬರ ಲೆಕ್ಕವನ್ನೂ ಮುಂದಿನವರು ಶಂಕಿಸಿದ್ದಾರೆ. ನಿಸ್ಸಂದೇಹವಾಗಿ ಧ್ರುವವನ್ನು ತಲುಪಿದ ಮೊದಲಿಗರೆಂಬ ಮಾನ ನೋರ್ಗೆಯ ಹದಿನಾರು ಜನರಿಗೇ ಸಲ್ಲುತ್ತದೆ.

ಹಿಮದಲ್ಲಿ ಒಂದಾಗಿದ್ದವರು ನೆಲಕ್ಕಿಳಿದೊಡನೆ ಬೇರೆಯಾದರು. ಈ ಯಶಸ್ಸು ಯಾರದು? ಯಾತ್ರೆಯನ್ನು ಕಟ್ಟಿದ ಅಮುಂಡ್ಸೆನ್‌ರದೋ, ನೌಕೆಯನ್ನು ಕಟ್ಟಿ ನಡೆಸಿದ ನೊಬಿಲೆಯವರದೋ? ಧ್ರುವದ ಮೇಲೆ ಮೂರು ದೇಶಗಳ ಬಾವುಟಗಳನ್ನು ಕೆಳಗೆ ಬಿಟ್ಟಾಗ ಇಟಲಿಯ ಬಾವುಟವೇ ಎಲ್ಲಕ್ಕಿಂತ ದೊಡ್ಡದಿತ್ತೆಂಬುದೂ ಮನಸ್ತಾಪಕ್ಕೆ ಕಾರಣವಾಯಿತು. ಅಮುಂಡ್ಸೆನ್ ತಮ್ಮ ಆತ್ಮಕಥೆಯಲ್ಲಿ ನೊಬಿಲೆಯನ್ನು ಕಟುವಾಗಿ ನಿಂದಿಸಿದರು. ಸಭೆ ಮುಗಿದ ಮೇಲೆ ಹಾರ ಯಾರಿಗೆ ಮೊದಲು ಬಿತ್ತೆಂದು ಜಗಳವಾಡುವವರು ನಮ್ಮ ಸಂಘಸಂಸ್ಥೆಗಳಲ್ಲಿ ಮಾತ್ರ ಇದ್ದಾರೆಂದು ತಿಳಿದವರು ಇದನ್ನು ಗಮನಿಸಬೇಕು.

ಎರಡು ವರ್ಷ ಕಳೆದು ನೊಬಿಲೆ 'ಇಟಾಲಿಯ' ಎಂಬ ಮತ್ತೊಂದು ವಾಯುನೌಕೆಯೊಡನೆ ಅದೇ ಕೊಲ್ಲಿಗೆ ಬಂದರು. ೧೯೨೮ರ ಮೇ ೨೩ರಂದು ಹೊರಟು ೨೪ರಂದು ಧ್ರುವವನ್ನು ತಲುಪಿದರು. ಮರಳುವಾಗ, ೨೫ರಂದು, ನೌಕೆ ಹಿಮದ ಮೇಲೆ ಅಪ್ಪಳಿಸಿತು. ಕೆಳಗಿನ ಕೋಣೆ ಒಡೆದು ಹತ್ತು ಜನ ಹಿಮದ ಮೇಲೆ ಬಿದ್ದರು. ಅವರಲ್ಲಿ ಒಬ್ಬನು ಆಗಲೇ ಸತ್ತ. ಭಾರ ಕಳೆದುಕೊಂಡ ನೌಕೆ ಉಳಿದ ಆರು ಜನರೊಡನೆ ಗಾಳಿಯಲ್ಲಿ ತೇಲಿಹೋಯಿತು. ಆ ಆರು ಜನರ ಸುಳಿವು ಇಂದಿಗೂ ಸಿಕ್ಕಿಲ್ಲ.

ಹಿಮದ ಮೇಲೆ ಉಳಿದವರು ತಮ್ಮ ಗುಡಾರಕ್ಕೆ ಕೆಂಪು ಬಣ್ಣ ಬಳಿದರು, ದೂರದಿಂದ ಕಾಣಲೆಂದು. ನಿಸ್ತಂತು ಯಂತ್ರದ ಮುಂದೆ ಕುಳಿತ ಬಿಯಾಜಿ ಎಂಬಾತ ದಿನಗಟ್ಟಲೆ ಮೊರೆಯಿಟ್ಟ. ಹತ್ತಿರದಲ್ಲೇ ಕಾದಿದ್ದ ಅವರ ಹಡಗಿಗೆ ಅದು ಕೇಳಿಸಲಿಲ್ಲ. ಜೂನ್ ೩ರಂದು ರಷ್ಯದ ಹಳ್ಳಿಯೊಂದರಲ್ಲಿ ಹವ್ಯಾಸಕ್ಕಾಗಿ ಬಾನುಲಿಯಂತ್ರ ಇಟ್ಟುಕೊಂಡಿದ್ದ ನಿಕೊಲಾಯ್ ಶ್ಮಿಟ್ ಎಂಬ ಯುವಕನ ಕಿವಿಗೆ ಅದು ಬಿತ್ತು. ದೊಡ್ಡ ಯಂತ್ರಗಳಿಗೆ ಕೇಳಿಸದ ಕೂಗು ಹಳ್ಳಿಯ ಹುಡುಗನಿಗೆ ಕೇಳಿಸಿತು.

ಇಷ್ಟರಲ್ಲಿ ನೊಬಿಲೆ ಕಾಣೆಯಾದ ಸುದ್ದಿ ನಾರ್ವೆಗೂ ಮುಟ್ಟಿತ್ತು. ಅಮುಂಡ್ಸೆನ್ನರಿಗೆ ಆಗ ಐವತ್ತೈದು ವರ್ಷ. ಸಾಹಸದ ದಿನಗಳು ಮುಗಿದವೆಂದು ಮನೆಯಲ್ಲಿ ಕುಳಿತಿದ್ದರು. ನೊಬಿಲೆಯ ಮೇಲಿನ ಸಿಟ್ಟೂ ಆರಿರಲಿಲ್ಲ. ಆದರೂ ಹುಡುಕಲು ಹೋಗುವಿರಾ ಎಂದು ಕೇಳಿದಾಗ ಅವರು ಹಿಂದುಮುಂದು ನೋಡಲಿಲ್ಲ. ಜೂನ್ ೧೮ರಂದು 'ಲಾಥಮ್' ಎಂಬ ಫ್ರೆಂಚ್ ಸಮುದ್ರವಿಮಾನದಲ್ಲಿ ಇತರ ಐವರೊಡನೆ ತ್ರೊಮ್ಸೊ ಪಟ್ಟಣದಿಂದ ಏರಿದರು. ಕೆಲವೇ ಗಂಟೆಗಳಲ್ಲಿ ಸದ್ದಡಗಿತು. ಆಗಸ್ಟ್ ಕೊನೆಯಲ್ಲಿ ವಿಮಾನದ ತೇಲುಗುಂಡೊಂದು ಮೀನುಗಾರರಿಗೆ ಸಿಕ್ಕಿತು, ಮನುಷ್ಯರು ಸಿಕ್ಕಲಿಲ್ಲ.

ನೊಬಿಲೆ ಬದುಕಿದರು. ಸ್ವೀಡನ್ನಿನ ವಿಮಾನವೊಂದು ಅವರನ್ನು ಮೊದಲು ಎತ್ತಿ ತಂದಿತು. ಮುಂದಾಳು ಕೊನೆಗೆ ಬರಬೇಕಾದವನಲ್ಲವೇ ಎಂಬ ಆಕ್ಷೇಪ ಅವರನ್ನು ಜೀವಮಾನವಿಡೀ ಕಾಡಿತು. ಗುಡಾರದಲ್ಲಿ ಉಳಿದಿದ್ದವರನ್ನು ಜುಲೈ ೧೨ರಂದು ರಷ್ಯದ 'ಕ್ರಾಸಿನ್' ಎಂಬ ಹಿಮಭೇದಕ ಹಡಗು ರಕ್ಷಿಸಿತು. ಹದಿನಾರು ಜನರಲ್ಲಿ ಮನೆಗೆ ಮರಳಿದವರು ಎಂಟೇ ಜನ. ಹಳ್ಳಿಯ ನಡುವೆ ಈಗ ಅಮುಂಡ್ಸೆನ್ನರ ಶಿಲ್ಪವಿದೆ. ಧ್ರುವಗಳನ್ನು ಮುಟ್ಟಿದ ಅಮುಂಡ್ಸೆನ್‌ಗಿಂತ, ತನ್ನನ್ನು ನೋಯಿಸಿದವನಿಗಾಗಿ ಎದ್ದು ಹೊರಟ ಅಮುಂಡ್ಸೆನ್ ನನಗೆ ದೊಡ್ಡವರಾಗಿ ಕಾಣುತ್ತಾರೆ.

ಗಣಿ ಮುಚ್ಚಿತು, ಬಾಗಿಲು ತೆರೆಯಿತು

ಸಾಹಸಿಗರು ಬಂದು ಹೋದರು, ಗಣಿಗಾರರು ಉಳಿದರು. ೧೯೬೨ರ ನವೆಂಬರ್ ೫ರಂದು ಗಣಿಯಲ್ಲಿ ಸ್ಫೋಟವಾಗಿ ೨೧ ಜನ ಸತ್ತರು. ಆ ದುರಂತದ ವಿಚಾರಣೆ ನಾರ್ವೆಯ ಸರಕಾರವನ್ನೇ ಮರುವರ್ಷ ಉರುಳಿಸಿತು. ಗಣಿಯನ್ನು ಶಾಶ್ವತವಾಗಿ ಮುಚ್ಚಿದರು.

ಗಣಿ ಮುಚ್ಚಿದ ಊರಿನ ಗತಿ ಏನೆಂಬುದನ್ನು ನಮ್ಮ ಕೋಲಾರದ ಚಿನ್ನದ ಗಣಿಯವರನ್ನು ಕೇಳಬೇಕು. ೨೦೦೧ರಲ್ಲಿ ಅಲ್ಲಿ ಕೆಲಸ ನಿಂತ ಮೇಲೆ ಎಷ್ಟೋ ಮನೆಗಳ ಒಲೆ ಆರಿತು. ನ್ಯೂ ಓಲೆಸುಂಡ್ ಮಾತ್ರ ಬೇರೆ ದಾರಿ ಹಿಡಿಯಿತು. ಇದ್ದಲು ಅಗೆಯುವವರ ಊರು ಅರಿವು ಅಗೆಯುವವರ ಊರಾಯಿತು. ನಾರ್ವೆಯವರಲ್ಲದೆ ಜರ್ಮನಿ, ಫ್ರಾನ್ಸ್, ಬ್ರಿಟನ್, ಇಟಲಿ, ಜಪಾನ್, ಚೀಣ, ಕೊರಿಯ ಮೊದಲಾದ ದೇಶಗಳವರು ಅಲ್ಲಿ ಸಂಶೋಧನೆಯ ನೆಲೆಗಳನ್ನು ಮಾಡಿಕೊಂಡರು.

ಭಾರತಕ್ಕೆ ಅಲ್ಲಿ ಹೋಗುವ ಹಕ್ಕು ಎಲ್ಲಿಂದ ಬಂತು? ೧೯೨೦ರ ಫೆಬ್ರವರಿ ೯ರಂದು ಪ್ಯಾರಿಸಿನಲ್ಲಿ ಸ್ವಾಲ್ಬಾರ್ಡ್ ಒಪ್ಪಂದವಾಯಿತು. ದ್ವೀಪಗಳ ಒಡೆತನ ನಾರ್ವೆಯದು. ಆದರೆ ಸಹಿ ಹಾಕಿದ ದೇಶಗಳ ಪ್ರಜೆಗಳೆಲ್ಲರಿಗೂ ಅಲ್ಲಿ ಇದ್ದು ದುಡಿಯುವ ಸಮಾನ ಅವಕಾಶ. ಆಗ ನಾವು ಪರರ ಆಳ್ವಿಕೆಯಲ್ಲಿದ್ದರೂ ಸಹಿ ಹಾಕಿದವರ ಪಟ್ಟಿಯಲ್ಲಿ ಇಂಡಿಯ ಎಂಬ ಹೆಸರೂ ಸೇರಿತು. ಅಜ್ಜನ ಕಾಲದ ಪೆಟ್ಟಿಗೆಯ ತಳದಲ್ಲಿ ಉಪಯೋಗಕ್ಕೆ ಬಾರದೆಂದು ಬಿದ್ದಿದ್ದ ಕಾಗದಪತ್ರ ಮೊಮ್ಮಗನ ಕಾಲಕ್ಕೆ ಹೊಲ ಉಳಿಸಿಕೊಟ್ಟಂತೆ, ಆ ಹಳೆಯ ಸಹಿ ಎಂಬತ್ತೇಳು ವರ್ಷಗಳ ನಂತರ ಪ್ರಯೋಜನಕ್ಕೆ ಬಂತು. ೨೦೦೭ರ ಆಗಸ್ಟಿನಲ್ಲಿ ಭಾರತದ ಮೊದಲ ತಂಡ ನ್ಯೂ ಓಲೆಸುಂಡಿಗೆ ಹೋಯಿತು. ೨೦೦೮ರ ಜುಲೈ ೧ರಂದು ಅಲ್ಲಿ ನಮ್ಮ ನೆಲೆ 'ಹಿಮಾದ್ರಿ' ಆರಂಭವಾಯಿತು.

ಹಿಮಾದ್ರಿ ಅರಮನೆಯಲ್ಲ, ಎಂಟು ಜನ ಇರಬಹುದಾದ ಮನೆ. ಆ ಹಳ್ಳಿಯ ರೀತಿನೀತಿಗಳನ್ನು ಕೇಳಿದರೆ ನಮ್ಮ ತಾಯಂದಿರಿಗೆ ಸಂತೋಷವಾದೀತು. ಯಾವ ಮನೆಗೇ ಹೋಗಲಿ, ಪಾದರಕ್ಷೆಗಳನ್ನು ಬಾಗಿಲ ಬಳಿಯೇ ಕಳಚಿಡಬೇಕು. ಗಣಿಯ ಮಸಿ ಒಳಗೆ ಬಾರದಿರಲೆಂದು ಹುಟ್ಟಿದ ಪದ್ಧತಿ ಇದು, ಗಣಿ ಹೋದರೂ ಉಳಿದಿದೆ. ಊಟ ಎಲ್ಲ ದೇಶಗಳವರಿಗೂ ಒಂದೇ ಪಂಕ್ತಿಯಲ್ಲಿ, ಒಂದೇ ಭೋಜನಶಾಲೆಯಲ್ಲಿ. ಮನೆಗಳಿಗೆ ಬೀಗ ಹಾಕುವುದಿಲ್ಲ. ಬಿಳಿಕರಡಿ ಎದುರಾದವನು ಸಿಕ್ಕ ಬಾಗಿಲೊಳಗೆ ನುಗ್ಗಿ ಜೀವ ಉಳಿಸಿಕೊಳ್ಳಬೇಕಲ್ಲ! ಊರ ಗಡಿ ದಾಟುವವರು ಬಂದೂಕು ಹಿಡಿದೇ ಹೋಗಬೇಕು. ಆಕಾಶದಿಂದ ಬರುವ ಸೂಕ್ಷ್ಮ ಸಂಕೇತಗಳನ್ನು ಹಿಡಿಯುವ ಯಂತ್ರಗಳು ಅಲ್ಲಿರುವುದರಿಂದ ವೈಫೈಗೆ ನಿಷೇಧ. ಚಾಳಿನ ಬಾಗಿಲುಗಳು ಹಗಲೆಲ್ಲ ತೆರೆದಿದ್ದು, ಪಕ್ಕದ ಖೋಲಿಯ ಮಗು ನಮ್ಮ ಮನೆಯಲ್ಲಿ ಉಂಡು ಮಲಗುತ್ತಿದ್ದ ಕಾಲವನ್ನು ಕಂಡ ಜೋಗೇಶ್ವರಿಯ ಹಿರಿಯರಿಗೆ ಇಂಥ ಊರು ಅಪರಿಚಿತವೆನಿಸಲಾರದು.

ಅಲ್ಲಿ ಮಾಡುವುದೇನು?

ನಮ್ಮವರು ಅಲ್ಲಿ ಬಾವುಟ ನೆಟ್ಟು ಛಾಯಾಚಿತ್ರ ತೆಗೆಸಿಕೊಳ್ಳಲು ಹೋಗುವುದಿಲ್ಲ. ಅವರ ಕೆಲಸ ಅಳತೆಯ ಕೆಲಸ. ಬ್ರೊಗ್ಗರ್ ಬೆಟ್ಟದ ಹಿಮನದಿಯೊಂದರಲ್ಲಿ ಕೋಲುಗಳನ್ನು ಆಳಕ್ಕೆ ನೆಟ್ಟಿರುತ್ತಾರೆ. ಮುಂದಿನ ಬಾರಿ ಹೋದಾಗ ಕೋಲು ಎಷ್ಟು ಹೊರಗೆ ಕಾಣುತ್ತದೆಯೋ ಅಷ್ಟು ಹಿಮ ಕರಗಿತೆಂದು ಲೆಕ್ಕ. ಕೆರೆಯ ನೀರು ಎಷ್ಟು ಇಳಿಯಿತೆಂದು ತೂಬಿನ ಕಲ್ಲು ನೋಡಿ ಹೇಳುವ ನಮ್ಮ ನೀರಗಂಟಿಯ ಜಾಣತನವೇ ಇದು. ಇನ್ನು ಕೊಲ್ಲಿಯ ನೀರೊಳಗೆ ೧೯೨ ಮೀಟರ್ ಆಳದಲ್ಲಿ ೨೦೧೪ರ ಜುಲೈಯಲ್ಲಿ 'ಇಂಡಾರ್ಕ್' ಎಂಬ ಯಂತ್ರಮಾಲೆಯನ್ನು ಇಳಿಸಿದರು. ತಳದಲ್ಲಿ ಲಂಗರು, ಅದರಿಂದ ಮೇಲಕ್ಕೆ ಹಗ್ಗ, ಹಗ್ಗದುದ್ದಕ್ಕೂ ನೀರಿನ ಉಷ್ಣತೆ, ಉಪ್ಪು, ಹರಿವು ಇವನ್ನು ಬರೆದಿಡುವ ಉಪಕರಣಗಳು. ಮನುಷ್ಯನು ಹೋಗಲಾಗದ ಕತ್ತಲ ತಿಂಗಳುಗಳಲ್ಲಿಯೂ ಅವು ತಮ್ಮ ಪಾಡಿಗೆ ಲೆಕ್ಕ ಬರೆಯುತ್ತಿರುತ್ತವೆ.

ಈ ಲೆಕ್ಕಗಳು ಹೇಳುವ ಸುದ್ದಿ ಒಳ್ಳೆಯದಲ್ಲ. ಹಿಂದೆ ಚಳಿಗಾಲದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತಿದ್ದ ಈ ಕೊಲ್ಲಿ ೨೦೦೬ರಿಂದೀಚೆಗೆ ಬಹುತೇಕ ತೆರೆದೇ ಇರುತ್ತದೆ. ಉಪಗ್ರಹಗಳ ಅಳತೆಯಂತೆ, ೧೯೮೦ರ ಸುಮಾರಿಗೆ ಬೇಸಗೆಯ ಕೊನೆಯಲ್ಲಿಯೂ ಉತ್ತರದ ಸಾಗರದಲ್ಲಿ ೭೦ ಲಕ್ಷ ಚದರ ಕಿಲೋಮೀಟರಿಗಿಂತ ಹೆಚ್ಚು ಹಿಮ ಉಳಿದಿರುತ್ತಿತ್ತು. ೨೦೧೨ರ ಸೆಪ್ಟೆಂಬರಿನಲ್ಲಿ ಅದು ಸುಮಾರು ೩೪ ಲಕ್ಷಕ್ಕೆ ಇಳಿಯಿತು. ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಕಪ್ಪು ನೀರು ಅದನ್ನು ಕುಡಿದು ಬಿಸಿಯಾಗುತ್ತದೆ. ಬಿಸಿಯಾದ ನೀರು ಇನ್ನಷ್ಟು ಹಿಮವನ್ನು ಕರಗಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿ ಸಾಲ ಬೆಳೆದಂತೆ ಇದು ಬೆಳೆಯುತ್ತ ಹೋಗುತ್ತದೆ.

"ಧ್ರುವದ ಹಿಮ ಕರಗಿದರೆ ನಮಗೇನು?" ಎಂದು ಯಾರಾದರೂ ಕೇಳಬಹುದು. ೨೦೦೫ರ ಜುಲೈ ೨೬ನ್ನು ಕಂಡವರು ಮಳೆಯ ವಿಷಯದಲ್ಲಿ ಉದಾಸೀನರಾಗಲಾರರು. ನಮ್ಮಿಂದ ಮೂರೇ ಸ್ಟೇಷನ್ ಆಚೆಯ ಸಾಂತಾಕ್ರೂಜಿನಲ್ಲಿ ಅಂದು ಒಂದೇ ದಿನದಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿಯಿತು. ಆ ಒಂದು ಮಳೆಗೆ ಧ್ರುವವೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಗೋವೆಯ ಕೇಂದ್ರದ ವಿಜ್ಞಾನಿಗಳು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವಿಚಾರಾರ್ಹವಾಗಿದೆ. ರಷ್ಯದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಗೆಯ ಹಿಮ ಕಡಿಮೆಯಾದ ವರ್ಷಗಳಿಗೂ, ಮಧ್ಯಭಾರತದಲ್ಲಿ ಮಳೆಗಾಲದ ಕೊನೆಗೆ ಬೀಳುವ ವಿಪರೀತ ಮಳೆಗೂ ಸಂಬಂಧವಿರುವಂತೆ ತೋರುತ್ತದೆಂದು ಅವರು ಬರೆದಿದ್ದಾರೆ. ಅಲ್ಲಿನ ಬಿಸಿ ಮೇಲ್ಗಾಳಿಯಲ್ಲಿ ಅಲೆಗಳನ್ನೆಬ್ಬಿಸುತ್ತದೆ. ಆ ಅಲೆ ಯುರೋಪು, ಮಧ್ಯ ಏಷ್ಯಗಳನ್ನು ದಾಟಿ ನಮ್ಮ ಕಡೆಗೆ ಬರುತ್ತದೆ. ಬಿಸಿಯೇರಿದ ಅರಬೀ ಸಮುದ್ರ ಅದಕ್ಕೆ ತೇವ ಒದಗಿಸುತ್ತದೆ. ಕೊಯ್ಲಿಗೆ ಬಂದ ಬೆಳೆಯ ಮೇಲೆ ಸೆಪ್ಟೆಂಬರಿನಲ್ಲಿ ಸುರಿಯುವ ಮಳೆ ರೈತನಿಗೆ ಏನು ಮಾಡುತ್ತದೆಂಬುದನ್ನು, ಊರಲ್ಲಿ ಇನ್ನೂ ಹೊಲ ಉಳಿಸಿಕೊಂಡಿರುವ ನಮ್ಮಂಥವರಿಗೆ ವಿವರಿಸಬೇಕಾಗಿಲ್ಲ. ಸಂಬಂಧ ಪೂರ್ತಿ ಸ್ಥಿರಪಡಬೇಕಾದರೆ ವರ್ಷಗಟ್ಟಲೆ ಅಳತೆ ಬೇಕು. ಅದಕ್ಕಾಗಿಯೇ ಆ ಕೋಲುಗಳು, ಆ ಹಗ್ಗ, ಆ ಎಂಟು ಜನರ ಮನೆ.

ಮೊದಮೊದಲು ನಮ್ಮವರು ಬೇಸಗೆ ಮತ್ತು ಅದರ ಹಿಂದುಮುಂದಿನ ತಿಂಗಳುಗಳಲ್ಲಿ ಮಾತ್ರ ಅಲ್ಲಿರುತ್ತಿದ್ದರು. ೨೦೨೩ರ ಡಿಸೆಂಬರ್ ೧೮ರಂದು ಮೊದಲ ಚಳಿಗಾಲದ ತಂಡಕ್ಕೆ ದೆಹಲಿಯಲ್ಲಿ ಬೀಳ್ಕೊಡುಗೆಯಾಯಿತು. ಸೂರ್ಯನಿಲ್ಲದ ತಿಂಗಳುಗಳಲ್ಲಿಯೂ ಹಿಮಾದ್ರಿಯಲ್ಲಿ ದೀಪ ಉರಿಯಿತು. ಆ ಮೊದಲ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಪಾಲೂ ಇತ್ತೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಸರ್ ಸಿ. ವಿ. ರಾಮನ್ನರು ೧೯೪೮ರಲ್ಲಿ ಕಟ್ಟಿದ ಆ ಸಂಸ್ಥೆಯವರು ವಿಶ್ವದ ಮೊತ್ತಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಕ್ಷೀಣ ಬಾನುಲಿ ದನಿಯನ್ನು ಹುಡುಕುತ್ತಿದ್ದಾರೆ. ಅದಕ್ಕಾಗಿ ೨೦೨೦ರಲ್ಲಿ 'ಸರಸ್' ಎಂಬ ತಮ್ಮ ಯಂತ್ರವನ್ನು ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟಿದ್ದರು. ಮನುಷ್ಯರ ಬಾನುಲಿ ಗದ್ದಲ ಎಲ್ಲಿ ಎಲ್ಲಕ್ಕಿಂತ ಕಡಿಮೆಯೆಂದು ಹುಡುಕುತ್ತ ಹೋದವರು ಸ್ವಾಲ್ಬಾರ್ಡಿನ ಮೌನವನ್ನೂ ಅಳೆದು ಬಂದರು. ಶರಾವತಿಯಿಂದ ಅರಸನ ಕೊಲ್ಲಿಗೆ ಹಾದಿ ಹೀಗೆ ಬಿದ್ದಿತು.

ಹಿಂದೆ ಆ ಕೊಲ್ಲಿಗೆ ಹೋದವರು ಮೊದಲಿಗರೆನಿಸಿಕೊಳ್ಳಲು ಹೋದರು, ಕೆಲವರು ಮರಳಲಿಲ್ಲ. ಇಂದು ಹೋಗುವವರ ಹೆಸರು ಪತ್ರಿಕೆಗಳ ಮೊದಲ ಪುಟದಲ್ಲಿ ಬರುವುದಿಲ್ಲ. ಹಿಂದಿನ ವರ್ಷ ಬೇರೊಬ್ಬರು ಬರೆದಿಟ್ಟ ಅಂಕಿಯ ಕೆಳಗೆ ಈ ವರ್ಷದ ಅಂಕಿಯನ್ನು ಬರೆದು ಮುಂದಿನವರಿಗೆ ಬಿಟ್ಟು ಬರುತ್ತಾರೆ. ನಮ್ಮ ಮಕ್ಕಳಲ್ಲಿ ಗಣಿತ ವಿಜ್ಞಾನಗಳಲ್ಲಿ ಚುರುಕಾದವರು ಅನೇಕರಿದ್ದಾರೆ. ಬ್ಯಾಂಕು, ಕಂಪ್ಯೂಟರುಗಳ ಹಾದಿಯೊಂದೇ ಹಾದಿಯೆಂದು ನಾವು ಅವರಿಗೆ ಹೇಳಬೇಕಾಗಿಲ್ಲ. ಭೂಗೋಳದ ಪುಸ್ತಕದಲ್ಲಿ ಬಿಳಿಯಾಗಿ ಬಿಟ್ಟಿರುವ ಆ ಮೇಲ್ತುದಿಯನ್ನು ಬೆರಳಿಟ್ಟು ತೋರಿಸಿ, ಇಲ್ಲಿ ನಮ್ಮವರ ಮನೆಯೊಂದಿದೆ, ಅದರ ಕಚೇರಿ ವಾಸ್ಕೋದ ಗುಡ್ಡದ ಮೇಲಿದೆ ಎಂದು ಹೇಳಿದರೆ ಸಾಕು. ಮುಂದಿನ ಪ್ರಶ್ನೆಯನ್ನು ಅವರೇ ಕೇಳುತ್ತಾರೆ.